ಮಾಸ್ತರು ಎಳೆದ ಕೆಂಪು ಗೆರೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸ್ವಂತದ್ದು ಎಂದು ಹೇಳಿಕೊಳ್ಳುವ ವಿಚಾರ ನನ್ನ ಹತ್ತಿರ ಒಂದೂ ಇಲ್ಲ. ನನ್ನ ಅಂಗಿಯ ಅಳತೆ ದರ್ಜಿಗೆ ಗೊತ್ತು, ರಕ್ತದೊತ್ತಡ ಡಾಕ್ಟರಿಗೆ ಗೊತ್ತು, ನಾಲ್ಕು ಜನರ ನಡುವೆ ಹೇಗೆ ಬದುಕಬೇಕು ಎಂಬುದು ಒಂದು ಪುಸ್ತಕಕ್ಕೆ ಗೊತ್ತಿತ್ತು. ನಾನು ನಡುವೆ ತಲೆ ಹಾಕಲಿಲ್ಲ. ಕೆಲವರು ದೊಡ್ಡವರ ಫೋಟೋ ಗೋಡೆಗೆ ತೂಗುಹಾಕಿ, ಅದರ ಕೆಳಗೇ ಕುಳಿತು ತಮಗೆ ಬೇಕಾದಂತೆ ಬದುಕುತ್ತಾರೆ. ನನಗೆ ಅಷ್ಟು ಎದೆಗಾರಿಕೆ ಇಲ್ಲ. ಮಲಗುವ ಮುನ್ನ ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವವನು ನಾನು. ಅಂಥವನಿಗೆ ಬದುಕಿನ ವಿಷಯದಲ್ಲಿ ಯಾರಾದರೂ ಮೊದಲೇ ಗೆರೆ ಎಳೆದುಕೊಟ್ಟಿದ್ದರೆ ಎಷ್ಟು ಸಮಾಧಾನ ಎಂಬುದನ್ನು ಚಿಂತೆಯ ಸ್ವಭಾವದವರಷ್ಟೇ ಬಲ್ಲರು.

ನನಗೆ ಆ ಗೆರೆ ಎಳೆದುಕೊಟ್ಟವರು ಶಿರಹಟ್ಟಿಯ ಶಾಲೆಯಲ್ಲಿ ನಮಗೆ ಗಣಿತ ಕಲಿಸಿದ ನಿಂಗಪ್ಪ ಮಾಸ್ತರು. ಗಣಿತವಷ್ಟೇ ಅಲ್ಲ, ಶನಿವಾರ ಹಾರ್ಮೋನಿಯಂ ಮುಂದಿಟ್ಟುಕೊಂಡು ಭಜನೆಯನ್ನೂ ಹೇಳಿಕೊಡುತ್ತಿದ್ದರು. ಅವರು ನಡೆದರೆ ನಡೆಯಬೇಕು, ನಕ್ಕರೆ ನಗಬೇಕು ಎನ್ನಿಸುತ್ತಿತ್ತು. ಅವರು ನಗುತ್ತಿರಲಿಲ್ಲವಾದ್ದರಿಂದ ಎರಡನೆಯದರ ಅಭ್ಯಾಸವಾಗಲಿಲ್ಲ. ನಾನು ಹತ್ತನೆಯ ತರಗತಿ ಪಾಸಾದಾಗ ಅವರು ತಮ್ಮ ಟ್ರಂಕಿನಿಂದ ಒಂದು ಹಳೆಯ ಪುಸ್ತಕ ತೆಗೆದು ಕೊಟ್ಟರು. ರಕ್ಷಾಪುಟ ಇರಲಿಲ್ಲ, ಮೊದಲ ಎಂಟು ಪುಟಗಳೂ ಇರಲಿಲ್ಲ. ಅದರ ಹೆಸರೇನು, ಬರೆದವರಾರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಮನುಷ್ಯ ಸಮಾಜದಲ್ಲಿ ಹೇಗಿರಬೇಕು ಎಂದು ಯಾರೋ ಪುಣ್ಯಾತ್ಮ ಮುನ್ನೂರು ಪುಟ ಬರೆದಿದ್ದ. ಅದರಲ್ಲಿ ಅಲ್ಲಲ್ಲಿ ಕೆಲವು ವಾಕ್ಯಗಳ ಕೆಳಗೆ ಮಾಸ್ತರು ಪಟ್ಟಿ ಹಿಡಿದು, ಕೆಂಪು ಶಾಯಿಯಲ್ಲಿ ನೆಟ್ಟಗೆ ಗೆರೆ ಎಳೆದಿದ್ದರು. ಇಡೀ ಪುಸ್ತಕ ಓದುವ ತಾಳ್ಮೆ ನನಗೆ ಎಲ್ಲಿಂದ ಬರಬೇಕು? ಗೆರೆ ಎಳೆದದ್ದನ್ನಷ್ಟೇ ಓದಿದೆ. ಗುರುಗಳೇ ಕಾಳು ಆರಿಸಿಟ್ಟ ಮೇಲೆ ಉಳಿದದ್ದು ಹೊಟ್ಟು ಎಂದುಕೊಂಡೆ. ಒಟ್ಟು ಹದಿನೇಳು ವಾಕ್ಯ. ಬಾಯಿಪಾಠ ಮಾಡಿದೆ. ಆಮೇಲೆ ಬದುಕಿದೆ.

ಉದಾಹರಣೆಗೆ, ನಲವತ್ತನೆಯ ಪುಟದಲ್ಲಿ, ತನ್ನ ಸರದಿಗಾಗಿ ಕಾಯುವವನೇ ನಾಗರಿಕ ಎಂದಿತ್ತು. ಗದಗಿನ ಬಸ್‌ ಸ್ಟ್ಯಾಂಡ್ ಕಂಡವರಿಗೆ ಇದರ ಪರಿಣಾಮ ವಿವರಿಸಬೇಕಿಲ್ಲ. ಮುಂಡರಗಿಯ ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಚೀಲ, ಒಮ್ಮೊಮ್ಮೆ ಮಕ್ಕಳು ಒಳಗೆ ಹೋಗಿ ಸೀಟು ಹಿಡಿದಿರುತ್ತವೆ. ನಾನು ನಾಗರಿಕನಂತೆ ಬಾಗಿಲ ಬಳಿ ನಿಂತಿರುತ್ತೇನೆ. ಇಪ್ಪತ್ತೈದು ವರ್ಷ ನಿಂತುಕೊಂಡೇ ಆಫೀಸಿಗೆ ಹೋಗಿದ್ದೇನೆ. ಕಾಲಿನ ನರ ಉಬ್ಬಿದ್ದನ್ನು ನೋಡಿದ ಡಾಕ್ಟರು, ನಿಂತು ಮಾಡುವ ಕೆಲಸವೇ ಎಂದು ಕೇಳಿದರು. ಕೆಲಸ ಕುಳಿತೇ ಮಾಡುತ್ತೇನೆ, ಕೆಲಸಕ್ಕೆ ಹೋಗುವುದಷ್ಟೇ ನಿಂತು ಎಂದೆ.

ಇನ್ನೊಂದು ಗೆರೆ ಸಂಗೀತದ್ದು. ಹಾಡು ಬಾರದವನೂ ಹತ್ತು ಜನರ ನಡುವೆ ಕುಳಿತು ಹಾಡಬೇಕು, ಶ್ರುತಿಗಿಂತ ಸಂಗ ದೊಡ್ಡದು ಎಂಬ ಮಾತು. ಅದರ ಬಲದಿಂದಲೇ ಬೆಟಗೇರಿಯ ನೇಕಾರರ ಓಣಿಯ ಭಜನೆಗೆ ಸೇರಿಕೊಂಡೆ. ಅಲ್ಲಿ ಮಗ್ಗದವರು, ಕ್ಷೌರಿಕರು, ಒಬ್ಬ ಕಂಡಕ್ಟರು, ಇಬ್ಬರು ವ್ಯಾಪಾರಿಗಳು, ಎಲ್ಲರೂ ಒಂದೇ ಜಮಖಾನೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತಿರುತ್ತಾರೆ. ಮನುಷ್ಯರೆಲ್ಲ ಒಂದೇ ಎಂದು ಹಾಡಿನಲ್ಲಿ ಬರುವ ಮಾತನ್ನು ನಾನು ನಂಬಿದ್ದು ಕಿವಿಯಿಂದಲ್ಲ, ಆ ಮೊಣಕಾಲಿನಿಂದ. ನನ್ನ ದನಿ ಕೇಳಿದ ಮೊದಲ ವಾರ ನನಗೆ ತಾಳ ಕೊಟ್ಟರು. ಮರುವರ್ಷ ಅದಕ್ಕಿಂತ ಸಣ್ಣ ತಾಳ ಕೊಟ್ಟರು. ಈಗ ಮಂಗಳಾರತಿಯ ತಟ್ಟೆ ಹಿಡಿಯುವ ಜವಾಬ್ದಾರಿ ನನ್ನದು. ಅದು ಬಡ್ತಿ ಎಂದೇ ಇಷ್ಟು ದಿನ ತಿಳಿದಿದ್ದೆ.

ಆದರೆ ನನ್ನ ಬದುಕಿನಲ್ಲಿ ಹೆಮ್ಮೆ ಪಡುವಂಥದ್ದು ಒಂದೇ ಒಂದಿದೆ. ಅದಕ್ಕೂ ಆ ಪುಸ್ತಕವೇ ಕಾರಣ. ಮನೆಗೆ ಬಂದವರು ಯಾರೇ ಇರಲಿ, ಅವರನ್ನು ಹೊರಗೆ ಕೂರಿಸಬಾರದು, ಮನೆಯವರು ಕುಡಿಯುವ ಕಪ್ಪಿನಲ್ಲೇ ಅವರಿಗೂ ಕೊಡಬೇಕು ಎಂದು ಬರೆದಿತ್ತು. ಈ ವಾಕ್ಯಕ್ಕೆ ಮಾಸ್ತರು ಒಂದಲ್ಲ, ಎರಡು ಗೆರೆ ಎಳೆದಿದ್ದರು. ಹಿರೇಹಂದಿಗೋಳದ ನಮ್ಮ ಮನೆಯಲ್ಲಿ ಅಪ್ಪನ ಕಾಲಕ್ಕೆ ಬಾಗಿಲ ಹೊರಗಿನ ಗೂಡಿನಲ್ಲಿ ಹಿಡಿಕೆ ಮುರಿದ ಕಪ್ಪೊಂದು ಇರುತ್ತಿತ್ತು. ಕೆಲಸಕ್ಕೆ ಬರುವ ಹನಮವ್ವನಂಥವರು ಅದನ್ನು ತಾವೇ ತೆಗೆದುಕೊಂಡು, ಕುಡಿದು, ತೊಳೆದು, ಮತ್ತೆ ಅಲ್ಲೇ ಇಡಬೇಕು. ಮದುವೆಯಾದ ವರ್ಷ ಒಂದು ಬೆಳಿಗ್ಗೆ ನಾನು ಆ ಕಪ್ಪನ್ನು ತಿಪ್ಪೆಗೆ ಎಸೆದೆ. ಅಂದು ಹನಮವ್ವನನ್ನು ಒಳಗೆ ಕೂರಿಸಿ, ನಮ್ಮ ಕಪ್ಪಿನಲ್ಲೇ ಚಹಾ ಕೊಟ್ಟೆವು. ಅಪ್ಪ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟರು. ಬೆಕ್ಕು ಅಡ್ಡ ಬಂದರೆ ನಿಲ್ಲುವ ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತು? ಬೆನ್ನ ಹಿಂದೆ ಮಾಸ್ತರಿದ್ದಾರೆ ಎಂಬುದರಿಂದ ಬಂತು.

ಹೀಗಿರುವಾಗ ಕಳೆದ ತಿಂಗಳು ನನ್ನ ಸಹಪಾಠಿ ಈರಣ್ಣ ಫೋನು ಮಾಡಿದ. ಅವನು ಲಕ್ಷ್ಮೇಶ್ವರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಮ್ಮ ಬ್ಯಾಚಿನವರೆಲ್ಲ ಸೇರಿ ಮಾಸ್ತರಿಗೆ ಗುರುವಂದನೆ ಇಟ್ಟುಕೊಂಡಿದ್ದಾರೆ, ಗುರುಗಳಿಂದ ಏನು ಕಲಿತೆವು ಎಂದು ಒಬ್ಬರು ಮಾತಾಡಬೇಕು, ಪುಸ್ತಕ ಓದಿದವನು ನೀನೊಬ್ಬನೇ ಎಂದ. ಹದಿನೇಳು ವಾಕ್ಯ ಓದಿದ್ದೇನೆ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಎಂಟು ಪುಟದ ಭಾಷಣ ಬರೆದೆ. ಬರೆದ ಮೇಲೆ ಚಿಂತೆ ಹತ್ತಿಕೊಂಡಿತು. ಗುರುಗಳ ಎದುರಿಗೇ ಏನಾದರೂ ತಪ್ಪಿ ಹೋದರೆ? ಒಮ್ಮೆ ಅವರಿಗೇ ಕೇಳಿಸಿ ಬರೋಣವೆಂದು ಭಾಷಣವನ್ನೂ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ.

ಮಾಸ್ತರು ಮಗನ ಮನೆಯ ಪಡಸಾಲೆಯಲ್ಲಿ ಕುಳಿತು ಪೇಪರು ಓದುತ್ತಿದ್ದರು. ಎಂಬತ್ತು ದಾಟಿದೆ, ಅಂಗಿಗೆ ಈಗಲೂ ಇಸ್ತ್ರಿ. ಕೈಯಲ್ಲಿ ಕೆಂಪು ಪೆನ್ನು. ಪೇಪರಿನ ತುಂಬ ಗೆರೆ. ನನಗೆ ಕಣ್ಣು ತುಂಬಿ ಬಂತು. ಇವತ್ತಿನ ಪೇಪರಿನಲ್ಲಿ ಇಷ್ಟೊಂದು ಒಳ್ಳೆಯ ಮಾತುಗಳು ಇವೆಯೇ ಎಂದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಒಳ್ಳೇ ಮಾತಿಗೆ ಯಾರು ಗೆರಿ ಎಳೀತಾರೋ ತಮ್ಮಾ? ನಂಗ ಒಪ್ಪಿಗಿ ಆಗಲಾರದ್ದಕ್ಕ ಎಳೀತೀನಿ. ಮಾಸ್ತರ ಕೈಯಾಗ ಕೆಂಪು ಶಾಯಿ ಯಾಕ ಇರತೈತಿ? ನಿನ್ನ ಗಣಿತದ ವಹಿ ಮರತಿಯೇನು?"

ಮರೆತಿರಲಿಲ್ಲ. ನನ್ನ ಗಣಿತದ ವಹಿಯಲ್ಲಿ ನೀಲಿಗಿಂತ ಕೆಂಪೇ ಹೆಚ್ಚಿತ್ತು. ಆದರೂ ಮೂವತ್ತಾರು ವರ್ಷ ಆ ಎರಡನ್ನೂ ಸೇರಿಸಿ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಮುಂದಿಟ್ಟೆ. ಅವರಿಗೆ ಹಳೆಯ ವೈರಿ ಸಿಕ್ಕಷ್ಟು ಸಂತೋಷವಾಯಿತು. ಸರದಿಗಾಗಿ ಕಾಯಬೇಕಂತೆ, ಕಾಯುತ್ತ ಕುಳಿತರೆ ಬಡವರ ಪಾಳಿ ಎಂದಾದರೂ ಬರುತ್ತದೆಯೇ ಎಂದು ನಲವತ್ತನೆಯ ಪುಟವನ್ನು ಬೈದರು. ಹಾಗಾದರೆ ತಮಗೆ ಸರಿ ಎನ್ನಿಸಿದ್ದು ಯಾವುದು ಸರ್ ಎಂದು ಕೇಳಿದೆ. ಗೆರೆ ಇಲ್ಲದ್ದೆಲ್ಲ ಸರಿಯೇ ಎಂದರು. ಅಂದರೆ ನಾನು ಓದದೆ ಬಿಟ್ಟದ್ದೆಲ್ಲ.

ಶ್ರುತಿಯ ವಾಕ್ಯ ಬಂದಾಗ, ಈ ಮಾತು ಕೇಳಿ ಭಜನೆಗೆ ಸೇರಿದ್ದನ್ನು ಹೇಳಿದೆ. ಮಾಸ್ತರು ಪುಸ್ತಕ ಮುಚ್ಚಿದರು.

"ಹಾಡತಿಯೇನು ನೀ?"

"ಹೌದ್ರಿ ಸರ್, ಹದಿನೆಂಟು ವರ್ಷ ಆತು."

"ಅವರು ಏನೂ ಅಂದಿಲ್ಲಾ?"

"ತಾಳ ಕೊಟ್ಟಾರ್ರಿ."

"ಭಾಳ ದೊಡ್ಡ ಮನಸಿನ ಮಂದಿ," ಎಂದರು.

ಕೊನೆಗೆ ಕಪ್ಪಿನ ವಾಕ್ಯ. ಇದೊಂದು ಬೇರೆಯಿರಬಹುದು ಎಂಬ ಆಸೆಯಿಂದ ಪುಟ ತೆರೆದು ತೋರಿಸಿದೆ. ಅವರು ಎರಡೂ ಗೆರೆಗಳ ಮೇಲೆ ಬೆರಳಾಡಿಸಿದರು.

"ಇದಕ್ಕ ಎರಡು ಗೆರಿ ಎಳದೀನಿ. ಸಿಟ್ಟು ಬಂದಿತ್ತು ಅಂತ ಕಾಣಸತೈತಿ," ಎಂದರು. "ನಮ್ಮ ಮನ್ಯಾಗೂ ಹೊರಗ ಒಂದು ಕಪ್ಪ ಇತ್ತೋ ತಮ್ಮಾ."

ಆಮೇಲೆ ಇದನ್ನೂ ಭಾಷಣದಲ್ಲಿ ಬರೆದಿದ್ದೀಯಾ ಎಂದು ಕೇಳಿದರು. ನಾಲ್ಕು ಪುಟ ಬರೆದಿದ್ದೇನೆ ಎಂದೆ. ಏನು ಮಾಡಲಿ ಎಂದು ಕೇಳಿದೆ. "ನಿನಗ ತಿಳಿದಂಗ ಮಾಡು," ಎಂದು ಪೇಪರು ಕೈಗೆತ್ತಿಕೊಂಡರು.

ನನಗೆ ತಿಳಿದಂತೆ. ಐವತ್ತೆರಡು ವರ್ಷದಲ್ಲಿ ಯಾರೂ ನನ್ನ ಮೇಲೆ ಅಂಥ ಭಾರ ಹೊರಿಸಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ಸನ್ಮಾನದ ದಿನವೇ ಗುರುಗಳ ಮಾನ ಕಳೆದಂತೆ. ಬರೆದದ್ದನ್ನೇ ಓದಿದರೆ ಅವರೆದುರಿಗೇ ಸುಳ್ಳು ಹೇಳಿದಂತೆ. ಇವೆರಡಕ್ಕಿಂತ ದೊಡ್ಡ ಗೊಂದಲ ಇನ್ನೊಂದಿತ್ತು: ಬೆನ್ನ ಹಿಂದೆ ಯಾರೂ ಇರಲಿಲ್ಲ ಎಂದಾದರೆ, ಅಂದು ಆ ಧೈರ್ಯ ಮಾಡಿದವರು ಯಾರು?

ಮನೆಗೆ ಬಂದು ಹೆಂಡತಿ ಗಿರಿಜೆಯ ಮುಂದೆ ಎಲ್ಲವನ್ನೂ ತೋಡಿಕೊಂಡೆ. ಆಕೆ ಸೊಪ್ಪು ಸೋಸುತ್ತಿದ್ದಳು. ನಾನು ಹೇಳಿ ಮುಗಿಸಿದ ಮೇಲೂ ಸೋಸುತ್ತಲೇ ಇದ್ದಳು.

"ಕಪ್ಪ ತಿಪ್ಪಿಗೆ ಒಗದು ಎಂಟೂವರಿ ಬಸ್ಸಿಗೆ ಹೋದವ್ರು ನೀವು," ಎಂದಳು. "ಮಾವನೋರ ಮುಂದ ಹನಮವ್ವನ್ನ ಒಳಗ ಕರದು ಕುಂಡ್ರಿಸಿದಾಕಿ ನಾನು. ನಿಮ್ಮ ಜೋಡಿ ಮೂರ ತಿಂಗಳು ಮಾತು ಬಿಟ್ರು. ನನ್ನ ಜೋಡಿ ಎಂಟು ತಿಂಗಳು. ಅದನ್ನ ನೀವು ಎಂದೂ ಕೇಳಲಿಲ್ಲ, ನಾ ಹೇಳಲಿಲ್ಲ."

ಹೊಸ ಸೊಸೆಯಾಗಿ ಅಷ್ಟು ಧೈರ್ಯ ಯಾಕೆ ಮಾಡಿದೆ, ನೀನು ಆ ಪುಸ್ತಕ ಓದಿದ್ದೆಯಾ ಎಂದು ಕೇಳಿದೆ.

"ಮುಂಜಾನಿಯಿಂದ ಬಿಸಿಲಾಗ ಕುಂತು ಶೇಂಗಾ ಬಿಡಿಸಿದ್ಲು, ಬಾಯಿ ಒಣಗಿತ್ತು ಆಕಿದು. ಇದಕ್ಕೇನು ಪುಸ್ತಕ ಬೇಕ್ರಿ?"

ಗುರುವಂದನೆಯ ದಿನ ನಾನು ಭಾಷಣ ಮನೆಯಲ್ಲೇ ಬಿಟ್ಟು ಹೋದೆ. ಕೆಂಪು ಗೆರೆಯ ಕಥೆ ಹೇಳಿದೆ, ಜನ ನಕ್ಕರು. ಭಜನೆಯದನ್ನು ಹೇಳಿದೆ, ಮತ್ತೂ ನಕ್ಕರು. ಕಪ್ಪಿನ ವಿಷಯಕ್ಕೆ ಬಂದಾಗ ಮಾಸ್ತರ ಕಡೆ ನೋಡಿದೆ. ಅವರು ಗಣಿತದ ಉತ್ತರಕ್ಕೆ ಕಾಯುವಾಗ ನೋಡುತ್ತಿದ್ದಂತೆಯೇ ನನ್ನನ್ನು ನೋಡುತ್ತಿದ್ದರು. ಆ ವಾಕ್ಯಕ್ಕೆ ಎರಡು ಗೆರೆ ಇದ್ದವು, ನಮ್ಮ ಮನೆಯಲ್ಲಿ ಅದರಂತೆ ನಡೆದೆವು ಎಂದು ಹೇಳಿ, ಅಲ್ಲಿಗೇ ನಿಲ್ಲಿಸಿ ಇಳಿದುಬಿಟ್ಟೆ. ಚಪ್ಪಾಳೆ ಬಿತ್ತು. ಸುಳ್ಳನ್ನೂ ಹೇಳಲಿಲ್ಲ, ಖರೆಯನ್ನೂ ಹೇಳಲಿಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಆಗ ಮಾಸ್ತರು ಎದ್ದು, ಹೊದಿಸಿದ್ದ ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಮೈಕು ಹಿಡಿದರು. "ಎರಡು ಗೆರಿ ನಾ ಎಳದದ್ದು ಆ ಮಾತು ತಪ್ಪು ಅಂತ," ಎಂದರು. "ತಪ್ಪು ಆ ಮಾತಿನದಲ್ಲ. ನಂದು." ಅಷ್ಟೇ ಹೇಳಿ ಕುಳಿತರು. ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಈರಣ್ಣ ಗಡಿಬಿಡಿಯಿಂದ ಊಟಕ್ಕೆ ಏಳಬೇಕೆಂದು ವಿನಂತಿಸಿದ.

ಈಗ ನನ್ನ ಗೊಂದಲ ಇನ್ನೂ ಹೆಚ್ಚಿದೆ. ನಾನು ದೇವರೆಂದುಕೊಂಡಿದ್ದ ಮಾಸ್ತರು ಬೇರೆ, ಅಂದು ಮೈಕು ಹಿಡಿದ ಮಾಸ್ತರು ಬೇರೆ. ಎರಡನೆಯವರನ್ನು ಕಂಡರೆ ಗೌರವ ಹೆಚ್ಚು, ಅಂಜಿಕೆಯೂ ಹೆಚ್ಚು. ಆದರೆ ಅವರಷ್ಟು ಚಿಕ್ಕದಾಗಿ ಒಪ್ಪಿಕೊಳ್ಳುವುದು ನನ್ನಿಂದಾಗದು. ವೇದಿಕೆಯ ಮೇಲೆ "ನಡೆದೆವು" ಎಂದಿದ್ದೆನಲ್ಲ, ಅದರ ಹಿಂದೆ ಅಡಗಿಕೊಂಡಿದ್ದವನು ನಾನೇ. ಹೀಗಾಗಿ ಇದನ್ನು ಬರೆಯಲು ಕುಳಿತೆ. ಹನಮವ್ವನನ್ನು ಒಳಗೆ ಕರೆದು ಚಹಾ ಕೊಟ್ಟವಳು ಗಿರಿಜೆ, ನಾನು ಆಗ ಬಸ್ಸಿನಲ್ಲಿದ್ದೆ ಎಂದು ಸ್ಪಷ್ಟವಾಗಿ ಬರೆದು, ಮೊದಲು ಆಕೆಗೇ ಓದಲು ಕೊಟ್ಟೆ. ಕಣ್ಣು ಒದ್ದೆಯಾದೀತು ಎಂದು ಎದುರಿಗೇ ಕುಳಿತಿದ್ದೆ. ಆಕೆ ಎಲ್ಲವನ್ನೂ ಓದಿ ಹಾಳೆಗಳನ್ನು ಮಡಚಿ ನನ್ನ ಕೈಗೆ ಕೊಟ್ಟಳು.

"ಚಹಾ ಅಲ್ಲರಿ, ಮಜ್ಜಿಗಿ," ಎಂದಳು. "ಅವತ್ತು ಮನ್ಯಾಗ ಹಾಲ ಇದ್ದಿಲ್ಲ."