ಪಾಳಿಯ ಮೊದಲ ಕೊಡ

ಇಷ್ಟೆಲ್ಲ ಆದದ್ದು ಒಂದು ಬಾಗಿಲ ಬಿಜಾಗರಿಯಿಂದ. ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಗುರುಶಿದ್ದಪ್ಪ ಭಾನುವಾರ ಗೆಳೆಯನ ಮಾತಿಗೆ ಚರ್ಚಿನ ಬಾಗಿಲು ರಿಪೇರಿಗೆ ಹೋದ. ಅರ್ಧ ಗಂಟೆಯ ಕೆಲಸ, ಒಳಗೆ ಪಾದ್ರಿಗಳು ಹೇಳುತ್ತಿದ್ದ ಪ್ರಸಂಗ ಕೇಳುತ್ತ ಎರಡು ತಾಸು ಹಿಡಿಯಿತು. ದೇವರು ಒಬ್ಬ ಅರಸನ ಕನಸಿಗೆ ಬಂದು ಏನು ಬೇಕೆಂದನಂತೆ. ಬಂಗಾರ ಬೇಡ, ನ್ಯಾಯ ತಿಳಿಯುವ ಬುದ್ಧಿ ಕೊಡು ಎಂದನಂತೆ ಅರಸ. ಆಮೇಲೆ ಇಬ್ಬರು ಹೆಂಗಸರು ಒಂದೇ ಕೂಸಿಗೆ ಜಗಳಾಡುತ್ತ ಬಂದಾಗ, ಎರಡು ತುಂಡು ಮಾಡಿ ಹಂಚಿರಿ ಎಂದನಂತೆ. ಬೇಡವೆಂದು ಚೀರಿದವಳೇ ಹೆತ್ತವಳು. ನ್ಯಾಯ ಹೇಳುವವನಿಗೆ ಮುಖದಾಕ್ಷಿಣ್ಯ ಇರಬಾರದು ಎಂದು ಪಾದ್ರಿಗಳು ಮುಗಿಸಿದರು.

ಮನೆಯಿದ್ದ ಕಮರಿಪೇಟೆಯ ಓಣಿಯಲ್ಲಿ ಗುರುಶಿದ್ದಪ್ಪನನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಗಂಟೆ ಎಷ್ಟಾಯಿತೆಂದು ಸಹ. ಒಮ್ಮೆಯಾದರೂ ಹತ್ತು ಜನ ತನ್ನ ಮಾತಿಗೆ ತಲೆದೂಗಬೇಕು ಎಂಬುದೊಂದೇ, ಪಾಪ, ಅವನ ಆಸೆ.

ಮರುದಿನ ನೀರಿನ ದಿನ. ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು. ಅದಕ್ಕೆಂದೇ ರಜೆ ಹಾಕಿದ್ದ. ನಸುಕಿನಲ್ಲಿ ಹೆಂಡತಿ ರಜನಿ ಏನೋ ಹೇಳಿ ಅಲುಗಾಡಿಸಿದ ಹಾಗಿತ್ತು, ಆದರೆ ಅವನು ಆಗಲೇ ಕನಸಿನೊಳಗಿದ್ದ. ಮಂಜಿನಂಥ ಬೆಳಕಿನಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ. ಕೈಯಲ್ಲಿ ಬಂಗಾರದ ಕಿರೀಟ, ತಣ್ಣಗೆ, ಭಾರವಾಗಿ. ಏನು ಬೇಕೆಂದು ಯಾರೋ ಮೆಲ್ಲಗೆ ಕೇಳಿದರು. "ಇದು ಬ್ಯಾಡ್ರಿ, ಬುದ್ಧಿ ಕೊಡ್ರಿ" ಎಂದು ಕಿರೀಟವನ್ನು ಅವರ ಪಾದದ ಬಳಿ ಇಟ್ಟು ಬಂದ. ಮೈಯೆಲ್ಲ ಹಗುರಾಯಿತು.

ಎಚ್ಚರವಾದಾಗ ನಳದ ಬಳಿ ಗದ್ದಲ. ಪಾಳಿಯ ಮೊದಲಿಗಿದ್ದ ಹಿತ್ತಾಳೆ ಕೊಡ ತನ್ನದೆನ್ನುತ್ತಿದ್ದಳು ಎದುರು ಮನೆಯ ಹುಲಿಗೆವ್ವ. ತನ್ನದೆನ್ನುತ್ತಿದ್ದಳು ಪಕ್ಕದ ಮನೆಯ ಉಡಚವ್ವ. ಮೊದಲ ಕೊಡದವರಿಗೆ ಹೊಟ್ಟೆ ತುಂಬ ನೀರು, ಕೊನೆಯವರಿಗೆ ನಳದ ಗಾಳಿ. ಓಣಿಯವರೆಲ್ಲ ಒಂದೇ ಅಂಗಡಿಯಿಂದ ತಂದ ಕೊಡಗಳು, ಯಾರೂ ಹೆಸರು ಕೊರೆಸಿರಲಿಲ್ಲ.

ಗುರುಶಿದ್ದಪ್ಪನಿಗೆ ದೇವರೇ ಕರೆದಂತಾಯಿತು. ಲೋಹ ಕೊಯ್ಯುವ ಗರಗಸ ಹಿಡಿದು ಹೊರಗೋಡಿದ.

"ನಾ ನ್ಯಾಯ ಹೇಳತೇನಿ. ಎರಡು ಹೋಳು ಮಾಡತೇನಿ, ಒಂದೊಂದು ಒಯ್ರಿ."

ಈಗ ಒಬ್ಬಳು ಚೀರಬೇಕು. ಯಾರೂ ಚೀರಲಿಲ್ಲ.

"ಕೊಯ್ರಿ ಅಣ್ಣಾರ, ಆಕಿ ಪಾಲಾಗೂಕಿಂತ ಅದ ಛಲೋ" ಎಂದಳು ಹುಲಿಗೆವ್ವ. ಉಡಚವ್ವ ತಳದ ಹೋಳು ತನಗಿರಲಿ, ತುಳಸಿ ಹಚ್ಚಲಿಕ್ಕೆ ಬರುತ್ತದೆ ಎಂದಳು.

ಪಾದ್ರಿಗಳು ಇದನ್ನು ಹೇಳಿರಲಿಲ್ಲ. ಆದರೆ ಜೀವಮಾನದಲ್ಲಿ ಮೊದಲ ಸಲ ಇಡೀ ಓಣಿ ಅವನ ಮುಖ ನೋಡುತ್ತಿತ್ತು. ಹಿಂದೆ ಸರಿಯುವುದು ಹೇಗೆ? ಕಣ್ಣು ಮುಚ್ಚಿ ಕೊಡದ ನಡುವಿಗೆ ಗರಗಸ ಹಚ್ಚಿದ. ಹಿತ್ತಾಳೆ ಪುಡಿ ಉದುರಿತು.

"ಅಯ್ಯ, ಕೊಯ್ಯಬ್ಯಾಡ್ರಿ!"

"ಚೀರಿದಾಕಿದ ಈ ಕೊಡ" ಎಂದು ಗುರುಶಿದ್ದಪ್ಪ ಕಣ್ಣು ಮುಚ್ಚಿಕೊಂಡೇ ತೀರ್ಪು ಕೊಟ್ಟ. ಕಣ್ಣು ತೆರೆದರೆ ಎದುರಿಗೆ ರೊಟ್ಟಿ ಹಿಟ್ಟಿನ ಕೈಯ ರಜನಿ.

"ಇದು ನಮ್ಮ ಕೊಡರಿ. ನಸುಕಿನ್ಯಾಗ ನಿಮ್ಮ ಕೈಯಾಗ ಕೊಟ್ಟು ಪಾಳಿಗಿ ಇಟ್ಟು ಬರ್ರಿ ಅಂದಿದ್ದೆ. ನೀವ ಇಟ್ಟು ಬಂದೀರಿ."

ಗುರುಶಿದ್ದಪ್ಪ ತನ್ನ ಅಂಗಾಲು ನೋಡಿಕೊಂಡ. ನಳದ ಬಳಿಯ ಗಟಾರದ ಕೆಸರು ಮೆತ್ತಿ ಒಣಗಿತ್ತು.

ಕೊಡ ತಿರುಗಿ ನ್ಯಾಯ ಹೇಳಿದವರ ಮನೆಗೇ ಹೋಯಿತಲ್ಲ ಎಂದು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಓಣಿಯ ಖಾದರಬಾಷಾ ನಕ್ಕ. ಇದು ಗಂಡ ಹೆಂಡತಿ ಕೂಡಿ ಹೂಡಿದ ಆಟ ಎಂದು ಹುಲಿಗೆವ್ವ, ಉಡಚವ್ವ ಒಂದೇ ದನಿಯಲ್ಲಿ ಹೇಳಿದರು. ತನಗೆ ಮುಖದಾಕ್ಷಿಣ್ಯ ಇಲ್ಲವೆಂದು ತೋರಿಸಲು ಗುರುಶಿದ್ದಪ್ಪ ತನ್ನ ಕೊಡವನ್ನು ತಾನೇ ಎತ್ತಿ ಪಾಳಿಯ ಕೊನೆಗಿಟ್ಟ. ಯಾರೂ ತಲೆದೂಗಲಿಲ್ಲ. ಅಷ್ಟರಲ್ಲಿ ನೀರು ಬಂದಿತ್ತು, ಎಲ್ಲರೂ ನಳದ ಕಡೆ ತಿರುಗಿದ್ದರು.

ಗಂಡ ಹೆಂಡತಿಯ ಪಾಳಿ ಬರುವಾಗ ನೀರು ದಾರದಷ್ಟಾಗಿತ್ತು. ಕೊಡ ಅರ್ಧ ತುಂಬಿ, ಗರಗಸದ ಸೀಳಿನಿಂದ ಸೋರತೊಡಗಿತು. ಅವನು ಹೆಬ್ಬೆರಳು ಒತ್ತಿ ಹಿಡಿದು, ಮನೆಗೆ ಹೊರುತ್ತ, ನಾಚಿಕೆಯಿಂದ ಹೆಂಡತಿಗೆ ಕನಸೆಲ್ಲ ಹೇಳಿದ. ಬಿಸಿಲಿಗೆ ಹಿತ್ತಾಳೆ ಕಿರೀಟದಂತೆಯೇ ಹೊಳೆಯುತ್ತಿತ್ತು.

ರಜನಿ ಪೂರ್ತಿ ಕೇಳಿಸಿಕೊಂಡಳು.

"ಮುಂದಿನ ಸಲ ದೇವರು ಕೇಳಿದ್ರ," ಎಂದಳು, "ಎರಡು ಕೊಡ ನೀರು ಕೇಳ್ರಿ."