ಪಾತ್ರೆ ಅಂಗಡಿಯೊಳಗಿನ ಮೆಟ್ಟಿಲು

ಮೂವತ್ತು ವರ್ಷ ತರೀಕೆರೆಯಲ್ಲಿ ಗಣಿತ ಪಾಠ ಮಾಡಿದ ನನಗೆ ಒಂದು ವಾಣಿಜ್ಯ ಸಂಕೀರ್ಣದ ನಕ್ಷೆ ಹಾಕುವುದು ಏನು ಮಹಾ! ನಿವೃತ್ತಿಯಾದೊಡನೆ ಬಸ್ ನಿಲ್ದಾಣದ ಹತ್ತಿರದ ನಮ್ಮ ಸೈಟಿನಲ್ಲಿ ಕೆಳಗೆ ನಾಲ್ಕು, ಮೇಲೆ ನಾಲ್ಕು ಮಳಿಗೆ ಕಟ್ಟಿಸಲು ಹೊರಟೆ.

“ಒಬ್ಬ ಇಂಜಿನಿಯರ್‌ನ ಕೇಳ್ಬಾರ್ದೇನೇ?” ಎಂದರು ನಮ್ಮ ಯಜಮಾನರು.

“ಆ ಇಂಜಿನಿಯರ್‌ಗಳಿಗೆ ವಿಸ್ತೀರ್ಣ ಕಲಿಸಿದ್ದೇ ನಾನು ಕಣ್ರೀ!”

ಅವರು ಪೇಪರಿನ ಹಿಂದೆ ಮರೆಯಾದರು.

ಮೆಟ್ಟಿಲನ್ನು ರಸ್ತೆಯ ಕಡೆ ಇಟ್ಟರೆ ಒಂದು ಮಳಿಗೆಯ ಜಾಗವನ್ನೇ ತಿನ್ನುತ್ತಿತ್ತು. ಆದ್ದರಿಂದ ಹಿಂದಕ್ಕೆ ತಳ್ಳಿದೆ. ಪಕ್ಕದ ಓಣಿಯಲ್ಲಿ ನಡೆದು ಹೋಗಿ ಹತ್ತಿದರಾಯಿತು. ಎಂಥ ಬುದ್ಧಿ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕಟ್ಟಡ ಮುಗಿದ ವಾರವೇ ಪಕ್ಕದ ರುದ್ರಪ್ಪ ಓಣಿಗೆ ಅಡ್ಡಲಾಗಿ ಗೋಡೆ ಎಬ್ಬಿಸಿದ. ನಾನು ಸೆರಗು ಸಿಕ್ಕಿಸಿಕೊಂಡು ಯುದ್ಧಕ್ಕೆ ಹೋದೆ.

“ಯಾರನ್ನ ಕೇಳಿ ಕಟ್ತಿದ್ದೀಯ?”

“ನನ್ನನ್ನೇ ಕೇಳ್ಕಂಡೆ ಟೀಚರ್. ಓಣಿ ನನ್ದು. ಖಾತೆ ನೋಡ್ತೀರಾ?”

ನೋಡಿದೆ. ಅವನದ್ದೇ! ಸಿಟ್ಟು ನೆತ್ತಿಗೇರಿತು. ಅದನ್ನು ಮನೆಗೆ ತಂದು ಯಜಮಾನರ ಮೇಲೆ ಇಳಿಸಿದೆ. “ಓಣಿ ಯಾರದ್ದು ಅಂತ ನೀವಾದ್ರೂ ನೋಡ್ಬಾರ್ದಿತ್ತಾ?”

ಕೊನೆಗೆ ಮೇಸ್ತ್ರಿಯೇ ದಾರಿ ತೋರಿಸಿದ. ಮೂಲೆಯ ಮಳಿಗೆಯ ಹಿಂಗೋಡೆ ಒಡೆದು ಬಾಗಿಲಿಟ್ಟರೆ ಅಲ್ಲಿಂದ ಮೆಟ್ಟಿಲಿಗೆ ಹೋಗಬಹುದು. ಆ ಮಳಿಗೆಯನ್ನು ಪಾತ್ರೆ ಅಂಗಡಿಗೆಂದು ಹಿಡಿದಿದ್ದ ನಾಗರಾಜ ತಕ್ಷಣ ಒಪ್ಪಿದ. “ನಿಮ್ ಮೆಟ್ಲು ಅಂದ್ರೆ ನಮ್ ಮೆಟ್ಲು ಇದ್ದಂಗೆ!” ಅವನು ಅಷ್ಟು ಬೇಗ ಒಪ್ಪಿದ್ದು ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಮೇಲೆ ಒಬ್ಬರು ಹಲ್ಲಿನ ಡಾಕ್ಟರು ಮತ್ತು ಟೈಲರ್ ಸರೋಜ ಬಂದರು. ಇನ್ನೆರಡು ಖಾಲಿ. ಹದಿನೈದು ದಿನಕ್ಕೆ ಡಾಕ್ಟರು ಕೆಂಡವಾಗಿ ಫೋನ್ ಮಾಡಿದರು.

“ಮೇಡಂ, ಪೇಶಂಟ್ ಕೆನ್ನೆ ಹಿಡ್ಕೊಂಡು ಬಂದ್ರೆ, ನಿಮ್ಮ ನಾಗರಾಜ ಗಂಜಿ ಮಾಡೋಕೆ ಸಣ್ಣ ಕುಕ್ಕರ್ ತಗೊಳ್ಳಿ ಅಂತಾನೆ! ಎಲ್ರೂ ಕುಕ್ಕರ್ ಹಿಡ್ಕೊಂಡೇ ಮೇಲೆ ಬರ್ತಾರೆ!”

ಹೋಗಿ ನಾಗರಾಜನನ್ನು ಬೈದೆ. ತಲೆ ಬಗ್ಗಿಸಿ ಕೇಳಿದ. ಬರುವಾಗ ನನ್ನ ಕೈಯಲ್ಲೊಂದು ಇಡ್ಲಿ ಪಾತ್ರೆ ಇತ್ತು!

ಮುಂದಿನ ಬುಧವಾರ ಮಧ್ಯಾಹ್ನ ಸರೋಜಳ ಫೋನು. “ಟೀಚರ್, ಬೇಗ ಬನ್ನಿ! ನಾಗರಾಜಣ್ಣ ಶಟರ್ ಎಳ್ದು ಬೀಗ ಹಾಕ್ಕೊಂಡು ದೇವನೂರಿಗೆ ಮದ್ವೆಗೆ ಹೋಗ್ಬಿಟ್ಟವ್ನೆ!”

ಓಡಿದೆ. ಮೇಲಿನ ಬಾಲ್ಕನಿಯಲ್ಲಿ ಡಾಕ್ಟರು, ಸರೋಜ ಮತ್ತು ಬಾಯಿಗೆ ಹತ್ತಿ ತುರುಕಿಸಿಕೊಂಡ ಒಬ್ಬ ದಪ್ಪ ಮನುಷ್ಯ ನಿಂತಿದ್ದರು. ಕೆಳಗೆ ಅರ್ಧ ಊರು. ಯಾರೋ ಏಣಿ ತಂದರು. ಹತ್ತಿಯ ಮನುಷ್ಯ ಒಂದೊಂದು ಮೆಟ್ಟಿಲಿಗೂ ನನ್ನನ್ನು ಏನೋ ಬೈಯುತ್ತಾ ಇಳಿದ. ಹತ್ತಿಯಿಂದಾಗಿ ಒಂದೂ ಅರ್ಥವಾಗಲಿಲ್ಲ. ಅದೊಂದು ಪುಣ್ಯ! ಡಾಕ್ಟರು ಮಾತ್ರ ಸ್ಪಷ್ಟವಾಗಿ ಹೇಳಿದರು: “ನಾಳೇನೇ ಖಾಲಿ ಮಾಡ್ತೀನಿ.”

ಮರುದಿನ ಬೆಳಗ್ಗೆ ಹಲ್ಲು ಕಡಿಯುತ್ತಾ ನಾಗರಾಜನ ಮುಂದೆ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ:

“ಟೀಚರ್, ಈ ಬಿಲ್ಡಿಂಗ್ ಪ್ಲಾನ್ ಹಾಕಿದ್ದು ಯಾರು? ಅಜ್ಜಂಪುರದಾಗೆ ನಮ್ಮಣ್ಣ ಕಾಂಪ್ಲೆಕ್ಸ್ ಕಟ್ತಾವ್ನೆ.”

ನನ್ನ ಸಿಟ್ಟು ಸರ್ರನೆ ಇಳಿಯಿತು. ಅಂತೂ ಗುಣ ಗುರುತಿಸುವವನೊಬ್ಬ ಸಿಕ್ಕಿದ! “ಯಾಕಪ್ಪಾ?” ಎಂದೆ ನಾಚುತ್ತಾ.

“ಅಪ್ಪಿತಪ್ಪಿನೂ ಅವ್ರತ್ರ ಹೋಗ್ಬೇಡ ಅಂತ ಹೇಳೋಣ ಅಂತ.”

ನಾನು ಗಂಟಲು ಸರಿಪಡಿಸಿಕೊಂಡೆ.

“ಯಾರೋ ಬೀರೂರಿನವರು ಕಣಪ್ಪಾ. ಈಗ ವರ್ಗ ಆಗಿ ಹೋದ್ರು.”