ಅರ್ಧ ಪೂಜೆ, ಅರ್ಧ ರೊಟ್ಟಿ

ಬೇಡ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆ ಕೆಲಸವನ್ನು ಮಾಡಿಯೇ ತೀರಬೇಕು ಅನಿಸುವ ರೋಗ ನನಗೆ ಹುಟ್ಟಿನಿಂದಲೇ ಇದೆ. ಕೊರೊನಾಕ್ಕಾದರೂ ಲಸಿಕೆ ಬಂತು, ಇದಕ್ಕೆ ಬರಲಿಲ್ಲ. ಚಿಕ್ಕವಳಿದ್ದಾಗ ಬಿಸಿಲಿಗೆ ಹೋಗಬೇಡ ಅಂದರೆ ನೆರಳಲ್ಲಿದ್ದವಳು ಎದ್ದು ಬಿಸಿಲಿಗೆ ಹೋಗುತ್ತಿದ್ದೆ. ಹುಣಸೆಕಾಯಿ ತಿನ್ನಬೇಡ ಅಂದರೆ ಉಡಿ ತುಂಬ ಕಟ್ಟಿಕೊಂಡು ಬರುತ್ತಿದ್ದೆ. ಇಂಥವಳನ್ನು ಮನೆಯೊಳಗೆ ಕೂಡಿಹಾಕಿ, ಹೊರಗೆ ಕಾಲಿಡಬೇಡ, ಯಾರ ಹತ್ತಿರವೂ ನಿಲ್ಲಬೇಡ, ಮೂಗು ಮುಟ್ಟಿಕೊಳ್ಳಬೇಡ ಎಂದು ಟಿವಿಯವರು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಿದ್ದರೆ ಏನಾಗಬೇಕು ನೀವೇ ಹೇಳಿ. ಆ ಲಾಕ್‌ಡೌನಿನಲ್ಲಿ ನನ್ನ ಮೂಗು ತುರಿಸಿದಷ್ಟು ಇಡೀ ಜನ್ಮದಲ್ಲಿ ತುರಿಸಿರಲಿಲ್ಲ. ಆದರೂ ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದರು, ಅವರಿಗೆ ಬಿಪಿ ಇತ್ತು. ಅದಕ್ಕಾಗಿ ಹಲ್ಲು ಕಚ್ಚಿಕೊಂಡು ಹೊಸ್ತಿಲೊಳಗೇ ಇದ್ದೆ. ಒಳಗಿದ್ದುಕೊಂಡೇ ಯಾರ ಮಾತು ಮೀರಬಹುದು ಎಂದು ನೋಡಿದಾಗ ಕೈಗೆ ಸಿಕ್ಕವರು ನಮ್ಮನೆಯವರು.

ಅವರದ್ದು ಕಲ್ಲಿನ ವ್ಯಾಪಾರ. ತೆಲುಗು ಸೀಮೆಯ ಈ ತಾಂಡೂರಿನಲ್ಲಿ ಇನ್ನೇನು ಇರುತ್ತದೆ? ನನ್ನ ತವರು ನಾರಾಯಣಖೇಡದ ಕಡೆ, ಸಿರ್ಗಾಪುರ. ಅಲ್ಲಿ ಒಂದು ಮಳೆ ಬಿದ್ದರೆ ಸಾಕು, ಎರೆ ಮಣ್ಣು ಚಪ್ಪಲಿಗೆ ಅಂಟಿಕೊಂಡು ಕರೆಯದೆಯೇ ಮನೆಯೊಳಗೆ ಬರುತ್ತದೆ. ತಾಂಡೂರಿಗೆ ಸೊಸೆಯಾಗಿ ಬಂದರೆ ಎಲ್ಲಿ ನೋಡಿದರೂ ನೆಲಕ್ಕೆ ಹಾಸುವ ಫರ್ಸಿ ಕಲ್ಲು. ಅಂಗಳಕ್ಕೆ ಕಲ್ಲು, ಬಚ್ಚಲಿಗೆ ಕಲ್ಲು, ಅಡುಗೆ ಕಟ್ಟೆಗೆ ಕಲ್ಲು, ಕೊನೆಗೆ ಬೇಲಿಗೂ ಮುಳ್ಳಿನ ಬದಲು ಕಲ್ಲನ್ನೇ ನಿಲ್ಲಿಸಿರುತ್ತಾರೆ. ಊರ ಹೊರಗೆ ನಮ್ಮದೊಂದು ಪಾಲಿಶ್ ಕಾರ್ಖಾನೆಯಿದೆ. ಗಿರಾಕಿ ಬಂದರೆ ನಮ್ಮನೆಯವರು ಮೊದಲು ಕಾರ್ಖಾನೆಗೆ ಕರೆದೊಯ್ಯುವುದಿಲ್ಲ, ಮನೆಗೆ ಕರೆತಂದು ಅಂಗಳ ತೋರಿಸುತ್ತಾರೆ. ಆ ನೀಲಿ ಕಲ್ಲಿನಲ್ಲಿ ಗಿರಾಕಿಗೆ ತನ್ನ ಮುಖ ಕಾಣಬೇಕು, ಆಮೇಲೆ ಚಹಾ. ಲಾಕ್‌ಡೌನಿನಲ್ಲಿ ಕಾರ್ಖಾನೆ ಮುಚ್ಚಿತು, ಗಿರಾಕಿ ನಿಂತರು. ಇವರು ಮಾತ್ರ ಲುಂಗಿ ಮೇಲೆ ಕಟ್ಟಿಕೊಂಡು ಬೆಳಿಗ್ಗೆ, ಸಂಜೆ ಅಂಗಳ ಒರೆಸುತ್ತಿದ್ದರು. ಅಷ್ಟು ವರ್ಷ ಸಂಸಾರ ಮಾಡಿದರೂ ಇವರಿಗೆ ನೆಲ ಒರೆಸಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಡುಗೆ ಮನೆಯ ನೆಲವನ್ನೂ ತೋರಿಸಿದೆ. ಅದು ಗಿರಾಕಿ ನೋಡುವ ಜಾಗವಲ್ಲ ಅಂದರು.

ತೊಂದರೆ ಶುರುವಾದದ್ದು ಹೂವಿನಿಂದ. ನಮ್ಮ ಅತ್ತೆಯ ಕೊರಳಲ್ಲಿ ಲಿಂಗವಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ, ಒಂದು ಹೂವೇರಿಸಿದ ಮೇಲೆಯೇ ಅವರ ಊಟ. ಹೂವು ತರುತ್ತಿದ್ದ ಹೆಂಗಸು ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದವಳು. ಬಸ್ಸು ನಿಂತಿತು, ಹೂವು ನಿಂತಿತು. ತರಕಾರಿ ಗಾಡಿ ಬರುತ್ತಿತ್ತು, ಹಾಲು ಬರುತ್ತಿತ್ತು, ಹೂವು ಅಗತ್ಯ ವಸ್ತುವಲ್ಲ ಎಂದು ಬರಲಿಲ್ಲ. ಶಿವನಿಗೆ ಬೇಕಾದದ್ದು ಅಗತ್ಯವಲ್ಲ ಎಂದು ಹೇಳಿದವರು ಯಾರು, ಅವರ ಹೆಸರು ಹೇಳು ಎಂದು ಅತ್ತೆ ನನ್ನನ್ನೇ ಗದರಿದರು. ಅಕ್ಕಪಕ್ಕದಲ್ಲಿ ಕೇಳೋಣವೆಂದರೆ ಅವರ ಅಂಗಳಗಳೂ ನಮ್ಮ ಕಾರ್ಖಾನೆಯ ಕಲ್ಲಿನವೇ. ನಮ್ಮನೆಯವರು ಟಿವಿ ಮೇಲಿನ ಪ್ಲಾಸ್ಟಿಕ್ ಹೂವನ್ನು ತೊಳೆದು ತಂದುಕೊಟ್ಟರು. ಪ್ಲಾಸ್ಟಿಕ್ ರೊಟ್ಟಿ ಹಾಕಿದರೆ ನೀನು ಉಣ್ಣುತ್ತೀಯೇನಪ್ಪಾ ಎಂದು ಅತ್ತೆ ಮಗನನ್ನು ಕೇಳಿದರು. ಹೂವು ತೆಪ್ಪಗೆ ಟಿವಿ ಮೇಲಕ್ಕೆ ಹೋಯಿತು. ಆ ದಿನ ಅತ್ತೆ ಬರೀ ವಿಭೂತಿ, ನೀರಿನಲ್ಲೇ ಪೂಜೆ ಮುಗಿಸಿ ಊಟಕ್ಕೆ ಕೂತು, ತಟ್ಟೆಯಲ್ಲಿದ್ದ ಜೋಳದ ರೊಟ್ಟಿಯನ್ನು ನಡುವೆ ಮುರಿದು ಅರ್ಧವನ್ನು ನನ್ನ ಕಡೆ ಸರಿಸಿದರು.

"ಹೂ ಇಲ್ಲದ್ದು ಅರ್ಧಾ ಪೂಜಿ. ಅರ್ಧಾ ಪೂಜಿ ಮಾಡಿದಾಕಿಗಿ ಅರ್ಧಾ ರೊಟ್ಟಿ ಸಾಕು."

ಒಂದೆರಡು ದಿನದ ಹಟ ಅಂದುಕೊಂಡೆವು. ಹಟದಲ್ಲಿ ನಾನು ಪ್ರವೀಣೆ, ಆದರೆ ಅತ್ತೆ ನನಗಿಂತ ಹಳಬರು. ಎರಡೂ ಹೊತ್ತು ಅರ್ಧ ರೊಟ್ಟಿ, ಮೇಲೆ ಒಂದು ಲೋಟ ಮಜ್ಜಿಗೆ, ಮುಗಿಯಿತು. ನಾನು ರೊಟ್ಟಿಯನ್ನೇ ದೊಡ್ಡದಾಗಿ ಬಡಿದು ನೋಡಿದೆ. ಅವರು ಅದರಲ್ಲಿ ಇನ್ನೂ ಸಣ್ಣ ಚೂರು ಮುರಿದುಕೊಂಡರು. ಬರಬರುತ್ತ ಅವರ ಬಳೆಗಳು ಮೊಣಕೈಗೆ ಜಾರತೊಡಗಿದವು. ಒಂದು ಬೆಳಿಗ್ಗೆ ಬಚ್ಚಲಿನಿಂದ ಬರುತ್ತ ಕಣ್ಣು ಕತ್ತಲಿಟ್ಟು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಫೋನಿನಲ್ಲಿ ಡಾಕ್ಟರು, ಗುಳಿಗೆ ನುಂಗುವವರು ಹೊಟ್ಟೆ ತುಂಬ ಉಣ್ಣಲೇಬೇಕು, ಈಗ ಆಸ್ಪತ್ರೆಗೆ ಬರುವ ಹಾಗೆ ಮಾಡಿಕೊಳ್ಳಬೇಡಿ ಅಂದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅತ್ತೆ ಸೊಸೆ ಅಂದಮೇಲೆ ನೂರು ಮಾತು ಬಂದಿರುತ್ತವೆ, ಹೋಗಿರುತ್ತವೆ. ಆದರೆ ಬೈಯುವುದಕ್ಕಾದರೂ ಅವರು ಇರಬೇಕು ಎಂದು ಆ ಹೊತ್ತು ಜೀವ ಒದ್ದಾಡಿತು. ಪೇಟೆಯಲ್ಲಿ ಹೂವಿಲ್ಲದಿದ್ದರೆ ಬೇಡ, ಮನೆಯಲ್ಲೇ ಬೆಳೆಯುತ್ತೇನೆ, ಯಾರು ಬೇಡ ಅನ್ನುತ್ತಾರೋ ನೋಡಿಯೇಬಿಡುತ್ತೇನೆ ಎಂದು ಸೆರಗು ಸಿಕ್ಕಿಸಿದೆ.

ಬೀಜಕ್ಕೆ ಚಿಂತೆಯಿರಲಿಲ್ಲ. ದಸರೆಗೆ ಬಾಗಿಲಿಗೆ ಕಟ್ಟಿದ ಚೆಂಡು ಹೂವಿನ ತೋರಣ ಒಣಗಿ ಜೋತುಬಿದ್ದಿತ್ತು. ಅದನ್ನು ಕಿತ್ತು ಹಾಕು, ಬಾಗಿಲು ಅಸಹ್ಯ ಕಾಣುತ್ತದೆ ಎಂದು ನಮ್ಮನೆಯವರು ಸಂಕ್ರಾಂತಿಯಿಂದ ಹೇಳುತ್ತಿದ್ದರು. ಅವರು ಹೇಳಿದ್ದರಿಂದಲೇ ಅದು ಅಲ್ಲಿ ಉಳಿದಿತ್ತು. ಅರ್ಧ ತೋರಣ ಬಿಚ್ಚಿ ಹೂವು ಉಜ್ಜಿದರೆ ಸೂಜಿಯಂಥ ಕಪ್ಪು ಬೀಜ. ಮಣ್ಣು ಬೇಕಲ್ಲ. ತವರಿಗೆ ಫೋನು ಮಾಡಿದರೆ ನನ್ನ ತಮ್ಮ, ಹೊಲದ ತುಂಬ ಮಣ್ಣೇ ಅದ ಅಕ್ಕಾ, ಬಂದು ಒಯ್ಯಿ ಎಂದು ನಕ್ಕ. ದಾರಿಯುದ್ದಕ್ಕೂ ಪೊಲೀಸರು, ನಾಕಾಬಂದಿ. ಕೊನೆಗೆ ಪಕ್ಕದ ಮನೆಯವರು ಪಾಯ ತೋಡಿ ಗುಡ್ಡೆ ಹಾಕಿದ್ದ ಮಣ್ಣನ್ನು ಗೋಡೆ ಮೇಲಿಂದ ನಾಲ್ಕು ಡಬ್ಬಿ ಇಸಿದುಕೊಂಡು, ಹಳೆಯ ಕುಕ್ಕರು, ಎಣ್ಣೆ ಡಬ್ಬಿ, ತೂತು ಬಿದ್ದ ಕೊಡಗಳಿಗೆ ತುಂಬಿ ಬೀಜ ಹಾಕಿದೆ. ಸಸಿಗಳೇನೋ ಎದ್ದವು. ಆದರೆ ತಾಂಡೂರಿನ ಏಪ್ರಿಲ್ ಬಿಸಿಲು, ಕೆಳಗೆ ಫರ್ಸಿ. ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರು ಕುಣಿಯದೆ ಇರುವುದಿಲ್ಲ. ಸಸಿಗಳೆಲ್ಲ ಬೆಂದುಹೋದವು, ಕುಕ್ಕರಿನವು ಸೀಟಿ ಹೊಡೆಯದೆಯೇ.

ಉಳಿದದ್ದು ಇನ್ನರ್ಧ ತೋರಣ. ಅದನ್ನು ನೆಲಕ್ಕೇ ಹಾಕಬೇಕು, ಅದಕ್ಕೆ ಕಲ್ಲು ಎತ್ತಬೇಕು. ಕದ್ದುಮುಚ್ಚಿ ಮಾಡುವುದು ನನ್ನ ಜಾಯಮಾನವಲ್ಲ. ಬೆಳಗಿನ ಚಹಾ ಕೊಡುತ್ತ ನೇರವಾಗಿ ಹೇಳಿದೆ: ನಲ್ಲಿಯ ಹತ್ತಿರದ ಮೂಲೆಯ ಕಲ್ಲು ಎತ್ತುತ್ತೇನೆ. ಅವರು ಚಹಾ ಕೆಳಗಿಟ್ಟರು. ಕಲ್ಲಿನ ವ್ಯಾಪಾರಸ್ಥನ ಅಂಗಳದಲ್ಲಿ ಕೆಸರು ಕಂಡರೆ ನಾಳೆ ಯಾವ ಗಿರಾಕಿ ಬಂದಾನು ಎಂದರು. ಒಂದೊಂದು ಕಲ್ಲಿಗೂ ಲೆವೆಲ್ ಹಿಡಿದು ತಾವೇ ಕೂರಿಸಿದ್ದನ್ನು ಮತ್ತೊಮ್ಮೆ ಹೇಳಿದರು.

"ಮಾದೇವಿ, ಈ ಕಲ್ಲು ಎತ್ತಿದ್ರ ನನ್ನ ಮಾನಾನೇ ಎತ್ತಿದಂಗ ನೋಡು."

"ನಿಮ್ಮ ಮಾನ ಆಮ್ಯಾಲ ಮತ್ತ ಹಾಕೋಣ್ರಿ. ನಿಮ್ಮವ್ವ ಉಪಾಸ ಬಿದ್ದಾರ," ಅಂದೆ ನಾನು.

ಅವರು ಎದ್ದು ಹೋಗಿ ಆ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಧರಣಿ. ನಾನು ಹಾರೆ ತಂದು ಪಕ್ಕದಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತೆ. ಈ ಹಾರೆಗೆ ನಮ್ಮನೆಯವರು ಸಬ್ಬಲ್ ಅನ್ನುತ್ತಾರೆ, ಪಕ್ಕದ ಮನೆಯವರು ತೆಲುಗಿನಲ್ಲಿ ಗಡ್ಡಪಾರ ಅನ್ನುತ್ತಾರೆ. ಯಾವ ಭಾಷೆಯಲ್ಲಿ ಕರೆದರೂ ಅದರ ಭಾರವೇನೂ ಕಡಿಮೆಯಾಗುವುದಿಲ್ಲ. ಬೆಳಗಿನ ತಂಪಿನಲ್ಲಿ ಅವರು ಗುಡಿ ಮುಂದಿನ ಬಸವಣ್ಣನ ಹಾಗೆ ಗಟ್ಟಿಯಾಗಿ ಕೂತಿದ್ದರು. ಬಿಸಿಲು ಏರಿತು. ಮೊದಲು ಒಂದು ಮಗ್ಗುಲಿಗೆ ವಾಲಿದರು, ಆಮೇಲೆ ಇನ್ನೊಂದು ಮಗ್ಗುಲಿಗೆ. ಒಂದು ಚಾಪೆ ಕೊಡು ಅಂದರು. ಮನೆಯಲ್ಲಿರುವ ಚಾಪೆಗಳೆಲ್ಲ ಇವತ್ತು ನನ್ನ ಪಕ್ಷ ಅಂದೆ. ಸ್ವಲ್ಪ ಹೊತ್ತಿಗೆ ಯಾವುದೋ ಫೋನು ಬಂದವರ ಹಾಗೆ ಎದ್ದು ಒಳಗೆ ಹೋದರು. ಫೋನು ಬಂದಿರಲಿಲ್ಲ. ಅವರ ಕಲ್ಲೇ ಅವರನ್ನು ಎಬ್ಬಿಸಿತ್ತು.

ಬಿಸಿಲಿಳಿದ ಮೇಲೆ ನಾನು ಸಂದಿಯ ಸಿಮೆಂಟು ಒಡೆದೆ. ಬೆನ್ನು ಹಿಡಿಯಿತು, ಕೈ ಬೊಬ್ಬೆಯೆದ್ದಿತು, ಅಂತೂ ಕಲ್ಲು ಎದ್ದಿತು. ಕೆಳಗೆ ಮಣ್ಣಿರಲಿಲ್ಲ. ಇನ್ನೊಂದು ಕಲ್ಲಿತ್ತು. ಕಿಟಕಿಯಿಂದ ನೋಡುತ್ತಿದ್ದ ನಮ್ಮನೆಯವರು ನಕ್ಕ ನಗೆ ಓಣಿಗೆಲ್ಲ ಕೇಳಿಸಿರಬೇಕು. ನನಗೆ ಪಿತ್ತ ನೆತ್ತಿಗೇರಿ, ಹಾರೆಯನ್ನು ಆ ಕಲ್ಲಿನ ಅಂಚಿಗೂ ಹಾಕಿ ಜಗ್ಗಿದೆ. ಅಷ್ಟರಲ್ಲಿ ಅವರೇ ಓಡಿಬಂದು, ಹಾಗೆ ಜಗ್ಗಿದರೆ ಮೂಲೆ ಒಡೆಯುತ್ತದೆ, ಕಲ್ಲಿಗೆ ಮರ್ಯಾದೆ ಕೊಟ್ಟು ಎತ್ತಬೇಕು ಎಂದು ಹಾರೆ ಕಸಿದುಕೊಂಡರು. ನನ್ನ ಜಗಳ ಗೆಲ್ಲಿಸಿದ್ದು ನನ್ನ ಮಾತಲ್ಲ. ಯಾರಾದರೂ ಕಲ್ಲನ್ನು ಒಡ್ಡೊಡ್ಡಾಗಿ ಎತ್ತುವುದನ್ನು ಅವರಿಂದ ನೋಡಲಾಗದು, ಅಷ್ಟೆ. ಎರಡನೆಯದು ಎದ್ದಿತು. ಅದರ ಕೆಳಗೆ ಮೂರನೆಯದು, ಪಾಲಿಶ್ ಇಲ್ಲದ ಒರಟು ಕಲ್ಲು. ಈ ಸಲ ನಗುವುದಕ್ಕೆ ಅವರಿಗೂ ಆಗಲಿಲ್ಲ.

ಗದ್ದಲಕ್ಕೆ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಬಗ್ಗಿ ನೋಡಿ, ಆ ಒರಟು ಕಲ್ಲನ್ನು ಗುರುತು ಹಿಡಿದರು. ಅದು ಅವರ ಮಾವ ಹಾಕಿಸಿದ್ದು. ಮದುವೆಯಾಗಿ ಬಂದ ದಿನ ಅದೇ ಕಲ್ಲಿನ ಮೇಲೆ ನಿಂತು ಕಾಲು ತೊಳೆದುಕೊಂಡಿದ್ದರಂತೆ. ನಡುವಿನದು ನಮ್ಮ ಮಾವನವರದ್ದು, ಮೇಲಿನದು ಮಗನದ್ದು.

"ಈ ಮನಿ ಗಂಡಸರು ಒಬ್ಬರೂ ಅಪ್ಪ ಹಾಕಿದ ಕಲ್ಲು ಎತ್ತಲಿಲ್ಲ. ಅದರ ಮ್ಯಾಲೇ ತಮ್ಮದು ಹಾಕ್ಕೋತ ಬಂದ್ರು. ನಾ ಬಂದಾಗ ಹೊಸ್ತಿಲ ಹತ್ತಬೇಕಿತ್ತು. ಈಗ ನೋಡು, ಇಳೀಬೇಕು."

ಪ್ರತಿ ಮಳೆಗಾಲದಲ್ಲಿ ನಮ್ಮ ಪಡಸಾಲೆಗೆ ನೀರು ನುಗ್ಗುತ್ತಿತ್ತು. ಓಣಿಯ ಚರಂಡಿಯನ್ನು ನಾವು ಬೈಯದ ದಿನವಿರಲಿಲ್ಲ. ಆ ಬಡಪಾಯಿ ಚರಂಡಿ ಇದ್ದಲ್ಲೇ ಇತ್ತು, ಏರಿದ್ದು ನಮ್ಮ ಅಂಗಳ. ನಮ್ಮನೆಯವರು ಬಾಗಿಲ ಕಡೆ ನೋಡಿದರು, ಮೂರು ಕಲ್ಲುಗಳ ಕಡೆ ನೋಡಿದರು, ಅಜ್ಜನ ಕಲ್ಲಿನ ಕೆಳಗೆ ಹಾರೆ ಹಾಕಿದರು. ಅದರಡಿ ಕಪ್ಪು ಮಣ್ಣಿತ್ತು. ತಣ್ಣಗಿತ್ತು. ನನ್ನ ತವರಿನ ವಾಸನೆ ಬಂತು, ನನಗೆ ಅಳು ಬಂತು. ಸಿಮೆಂಟಿನ ಧೂಳಿಗೆಂದು ಮಾಸ್ಕ್ ಹಾಕಿಕೊಂಡಿದ್ದು ಒಳ್ಳೆಯದಾಯಿತು.

ಆಮೇಲಿನದ್ದೆಲ್ಲ ನಮ್ಮನೆಯವರ ಕಾರುಬಾರು. ಒಂದು ಕಲ್ಲೆತ್ತಿದ ಮೂಲೆ ನಾಲ್ಕಾರು ಕಲ್ಲುಗಳ ಜಾಗವಾಯಿತು. ಎತ್ತಿದ ಕಲ್ಲುಗಳಿಂದ ಹೂವಿನ ಮಡಿಗೆ ಅಂಚು ಕಟ್ಟಿದರು, ಅದಕ್ಕೂ ಲೆವೆಲ್ ಹಿಡಿದರು. ಅಜ್ಜನ ಕಲ್ಲನ್ನು ಪಕ್ಕದಲ್ಲಿ ಕೂರುವ ಕಟ್ಟೆ ಮಾಡಿದರು. ಉಳಿದ ತೋರಣದ ಬೀಜ ನಾನು ಹಾಕಿದೆ, ನೀರು ಅವರು ಹಾಕಿದರು, ಫೋನಿನಲ್ಲಿ ಗೆಳೆಯರಿಗೆಲ್ಲ ತಮ್ಮದೇ ಐಡಿಯಾ ಎಂದು ಹೇಳಿಕೊಂಡರು. ನನಗೆ ಸಸಿ ಬದುಕಿದರೆ ಸಾಕಿತ್ತು. ಅತ್ತೆ ಮಾತ್ರ ತಮ್ಮ ಮಾತು ಬಿಡಲಿಲ್ಲ. ಮೊಗ್ಗು ಬಂದಿದೆ, ಇನ್ನಾದರೂ ಉಣ್ಣಿರಿ ಅಂದರೆ ಮೊಗ್ಗು ಹೂವಲ್ಲ ಎಂದು ಅರ್ಧವನ್ನೇ ಮುರಿದರು.

ಮುಂಗಾರಿನ ಮೊದಲ ಮಳೆ ಬಿದ್ದು ಪಡಸಾಲೆಗೆ ನೀರು ಬಾರದೆ ಮಡಿಯಲ್ಲೇ ಇಂಗಿದ ಮರುದಿನ ಬೆಳಿಗ್ಗೆ ಮೊದಲನೆಯ ಚೆಂಡು ಹೂವು ಅರಳಿತ್ತು. ಒಂದೇ ಒಂದು. ನಾನು ಮುಖ ತೊಳೆಯದೆ ಅದರ ಮುಂದೆ ಕೂತೆ. ಎಷ್ಟು ಬೈಗುಳ, ಎಷ್ಟು ಬೊಬ್ಬೆ, ಎಷ್ಟು ಬಿಂದಿಗೆ ನೀರು. ಅಷ್ಟರಲ್ಲಿ ಅತ್ತೆ ಮಡಿಯುಟ್ಟು, ಕೈಯಲ್ಲಿ ಹೂವಿನ ಬಟ್ಟಲು ಹಿಡಿದು ಬಂದು ಗಿಡದ ಕಡೆ ಬಗ್ಗಿದರು. ನನಗೇನಾಯಿತೋ ಗೊತ್ತಿಲ್ಲ, ನನ್ನ ಕೈ ತಾನಾಗಿ ಅಡ್ಡ ಹೋಯಿತು.

"ಕೀಳಬ್ಯಾಡ್ರಿ ಅತ್ತೀ. ಇವತ್ತೊಂದಿನ ಗಿಡದಾಗ ಇರಲಿ."

ಆಡಿದ ಮೇಲೆ ಆ ಮಾತು ನನ್ನ ಕಿವಿಗೇ ಕೇಳಿಸಿತು. ಬೇಡ ಅಂದವಳು ನಾನು. ಬಾಗಿಲಲ್ಲಿ ನಿಂತಿದ್ದ ನಮ್ಮನೆಯವರು, ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗಿದರು. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು. ಇನ್ನು ಅರ್ಧ ರೊಟ್ಟಿಯೂ ಹೋಯಿತು, ಕಾಲು ರೊಟ್ಟಿಗೆ ಬಂತು ಅಂದುಕೊಂಡೆ. ನಾಚಿಕೆಯಾಗಿ ನಾನೇ ಕೀಳಲು ಕೈ ಚಾಚಿದೆ. ಅಷ್ಟರಲ್ಲಿ ಅವರು ವಿಭೂತಿ, ತಂಬಿಗೆ ನೀರು ಹಿಡಿದುಕೊಂಡು ವಾಪಸು ಬಂದು, ನನ್ನ ಕೈ ಸರಿಸಿ, ತಮ್ಮ ಮಾವನ ಕಲ್ಲಿನ ಮೇಲೆ ಕೂತರು.

"ಕೀಳಬ್ಯಾಡ ಅಂದಿ, ಹೂವಿನ ಕಡಿ ಬರಬ್ಯಾಡ ಅಂದಿಲ್ಲಲ್ಲ. ಗುಡ್ಯಾಗಿನ ದೇವರಿದ್ರ ಹೂವೇ ಅಲ್ಲಿಗಿ ಹೋಗಬೇಕಿತ್ತು. ನನ್ನ ದೇವರು ಅಂಗೈಯಾಗ ಅದಾನ."

ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿದರು. ಕೊನೆಗೆ ಆ ಕೈಯನ್ನು ಗಿಡದ ಬಳಿ ಒಯ್ದು, ಇನ್ನೊಂದು ಕೈಯಿಂದ ರೆಂಬೆಯನ್ನು ಮೆಲ್ಲಗೆ ಬಗ್ಗಿಸಿ, ಹೂವನ್ನು ಲಿಂಗಕ್ಕೆ ಮುಟ್ಟಿಸಿ ಬಿಟ್ಟರು. ಹೂವು ಗಿಡದಲ್ಲೇ ತೂಗಾಡಿತು. ಹಟದಲ್ಲಿ ನಾನು ಪ್ರವೀಣೆ ಅಂದೆನಲ್ಲ, ಆ ಮಾತನ್ನು ಇಲ್ಲಿ ವಾಪಸು ತೆಗೆದುಕೊಳ್ಳುತ್ತೇನೆ.

"ಪೂಜಿ ಪೂರಾ ಆತು," ಅಂದರು ಎದ್ದು ಸೆರಗು ಕೊಡವುತ್ತ. "ರೊಟ್ಟಿ ಪೂರಾ ಹಾಕು."

ಗಿರಣಿ ಆಗ ವಾರಕ್ಕೊಮ್ಮೆ ತೆರೆಯುತ್ತಿತ್ತು, ಹಿಟ್ಟನ್ನು ನಾನು ಅತ್ತೆಯ ಅರ್ಧ ರೊಟ್ಟಿಯ ಅಂದಾಜಿನಲ್ಲೇ ಬೀಸಿಸಿದ್ದೆ, ಡಬ್ಬಿಯ ತಳದಲ್ಲಿ ಅಷ್ಟೇ ಇತ್ತು. ಅತ್ತೆ ಒಂದು ರೊಟ್ಟಿಯನ್ನು ಬದನೆಕಾಯಿ ಪಲ್ಯದ ಜೊತೆ ಕಡೆಯ ಚೂರಿನವರೆಗೂ ಉಂಡರು. ನಮ್ಮನೆಯವರು, ನೀರು ಹಾಕಿದವರೆಂಬ ಹಕ್ಕಿನಲ್ಲಿ, ತಮ್ಮ ಪಾಲಿನಲ್ಲಿ ಏನೂ ಬಿಡಲಿಲ್ಲ. ಕೊನೆಗೆ ನಾನು ತಟ್ಟೆ ಹಾಕಿಕೊಂಡು ಕೂತಾಗ ಬುಟ್ಟಿಯಲ್ಲಿ ಉಳಿದದ್ದು ಅರ್ಧ ರೊಟ್ಟಿ.